ಸುದ್ದಿಯ ನಡುವಿಗೆ ಕೈ ಹಾಕುವ ಮಾವ

ನಮ್ಮ ಸೋದರಮಾವ ಮೊಬೈಲಿನಲ್ಲಿ ಆಟದ ಸುದ್ದಿಯನ್ನು ನಡುವಿನಿಂದ ಓದುತ್ತಾರೆ ಎಂದರೆ ನೀವು ನಂಬಲಿಕ್ಕಿಲ್ಲ. ತಲೆಬರಹ ನೋಡುವುದೇನಿದ್ದರೂ ಆಮೇಲೆ! ಬ್ಯಾಡಗಿ ಪೇಟೆಯಲ್ಲಿ ಮೂವತ್ತು ವರ್ಷದಿಂದ ಮೆಣಸಿನಕಾಯಿ ದಲಾಲಿ ಅಂಗಡಿ ಅವರದು. ಚೀಲದ ಬಾಯಲ್ಲಿ ಕೆಂಪು ಕಾಯಿ ಜೋಡಿಸಿ ಒಳಗೆ ಬಣ್ಣಗೆಟ್ಟದ್ದನ್ನು ತುರುಕುವವರನ್ನು ಬೇಕಾದಷ್ಟು ಕಂಡಿದ್ದಾರೆ. ನಡುವಿಗೆ ಕೈ ಹಾಕಿಯೇ ಪರೀಕ್ಷಿಸುವ ಚಾಳಿ ಮೊಬೈಲಿಗೂ ಅಂಟಿಕೊಂಡಿದೆ.

"ಮ್ಯಾಲ ನೋಡಿದ್ರ 'ಆಟಗಾರನಿಗೆ ಭಾರೀ ಆಘಾತ' ಅಂತ ಐತಿ. ನಡುವ ನೋಡಿದ್ರ ಅಂವಗ ನೆಗಡಿ ಆಗೇತಿ!" ಎಂದು ಒಮ್ಮೆ ಅಂಗಡಿಯವರನ್ನೆಲ್ಲ ನಗಿಸಿದ್ದರು.

ಕಬಡ್ಡಿ ಪಂದ್ಯಾವಳಿಗೆ ಜನಸಾಗರ ಎಂದು ಓದಿ, ನಿಜವೇ ಎಂದು ನೋಡಲು ಹಾವೇರಿಗೇ ಬಸ್ ಹತ್ತಿದವರು ಅವರು. ಬಂದು ಹೇಳಿದ್ದೇನು? "ಸಾಗರ ಎಲ್ಲೂ ಸಿಗಲಿಲ್ಲೋ ತಮ್ಮಾ. ಹಂಡೇದಾಗ ಹಿಡಿಯೂವಷ್ಟ ಇದ್ರು!"

ಇಷ್ಟೆಲ್ಲ ಹೇಳಿ ನಗುತ್ತಿರುವ ನಾನಾದರೂ ಯಾರು? ಅಂಥದೇ ಒಂದು ವೆಬ್‌ಸೈಟಿಗೆ ಮನೆಯಲ್ಲಿ ಕೂತು ದಿನಕ್ಕೆ ಎಂಟು ಆಟದ ಸುದ್ದಿ ಹೊಸೆಯುವವನು! ಮೈದಾನಕ್ಕೆ ಹೋಗಲು ಪುರಸೊತ್ತೆಲ್ಲಿ? ರಾಣೆಬೆನ್ನೂರಿನಲ್ಲಿ ನಡೆದ ಹುಡುಗಿಯರ ಖೋಖೋ ಫೈನಲ್ಲನ್ನು ವಾಟ್ಸಪ್ಪಿಗೆ ಬಂದ ಸ್ಕೋರು ನೋಡಿಯೇ ಬರೆದೆ. ಸೋತ ಮೇಲೆ ಯಾರದಾದರೂ ತಪ್ಪು ಇರಬೇಕಲ್ಲ? ಸೋತ ತಂಡದ ನಾಯಕಿಯ ಹೆಸರೊಂದು ಗೊತ್ತಿತ್ತು. 'ನಾಯಕಿಯ ಎಡವಟ್ಟು, ಕೈತಪ್ಪಿದ ಕಪ್' ಎಂದು ಹಾಕಿ, ಕೆಳಗೆ ನನ್ನ ಹೆಸರನ್ನೂ ಹಾಕಿಕೊಂಡೆ. ಎಲ್ಲ ಸುದ್ದಿಗಿಂತ ಅದನ್ನೇ ಹೆಚ್ಚು ಜನ ಓದಿದರು.

ಮರುದಿನ ಮಾವನ ಫೋನು. "ನಾ ಕುಪ್ಪೇಲೂರಾಗ ಅದೇನಿ, ನೀ ಬರದ ಆ ನಾಯಕಿ ಊರಾಗ. ಆ ಹುಡುಗಿ ನಮ್ಮ ಅಂಗಡಿಗೆ ಕಾಯಿ ತರೂ ರೈತನ ಮಗಳು. ಆಕಿ ಆಡಿದ್ದು ನೀ ನೋಡೀಯೇನ?"

"ಇಲ್ರಿ ಮಾವಾ."

"ನೋಡಾಕ ಆಕಿ ಆಡಿದ್ರ ಅಲ್ಲೇನ! ಕಾಲು ಉಳುಕಿ ಹೊರಗ ಕುಂತಿದ್ಲಂತ. ಊರ ಮಂದಿ ಆಡ್ಕೊಳ್ಳಾಕತ್ತಾರ. ಅವರಪ್ಪ ಇನ್ನ ಆಟ ಸಾಕು ಅಂತ ಪಟ್ಟು ಹಿಡದಾನ. ಲಗೂನ ಬಾ."

ಹೋದೆ. ಕಾಲಿಗೆ ಪಟ್ಟಿ ಸುತ್ತಿಕೊಂಡಿದ್ದ ಹುಡುಗಿ ನನ್ನ ಮುಖ ನೋಡಲಿಲ್ಲ. ನೋಡದೆ ಬರೆದೆ, ತಪ್ಪಾಯಿತು ಎಂದು ಅವಳ ಅಪ್ಪನಿಗೆ ಕೈ ಮುಗಿದು, ಅಲ್ಲೇ ಕೂತು ನಿಜ ಸಂಗತಿ ಬರೆದು ಹಾಕಿದೆ. ಆತ ಅದನ್ನು ಎರಡೆರಡು ಸಲ ಓದಿದ.

"ಕಾಲು ಆರಾಮ ಆಗ್ಲಿ. ಆಮ್ಯಾಲ ಆಡಾಕ ಹೋಗವಾ," ಎಂದ ಮಗಳಿಗೆ.

ವಾಪಸು ಬರುವಾಗ ಬಸ್ಸಿನಲ್ಲಿ ಕುತೂಹಲ ತಡೆಯಲಾರದೆ ಕೇಳಿಯೇಬಿಟ್ಟೆ. "ನನ್ನ ಸುದ್ದಿ ಪರೀಕ್ಷಾ ಮಾಡಾಕ ಇಷ್ಟ ದೂರ ಬಂದ್ರೇನ್ರಿ ಮಾವಾ?"

"ಪರೀಕ್ಷಾ ಎಲ್ಲಿದೋ! ಪಾಪ, ಹುಡುಗಿ ಸೋತಾಳ, ಸಮಾಧಾನ ಹೇಳೂಣಂತ ಬಂದಿದ್ನಿ. ನೀ ಬರದದ್ದನ್ನ ನಾ ತಲೆಬರಹದಿಂದನ ಓದ್ತೇನಿ. ಮನೀ ಚೀಲಕ್ಕ ಯಾರರೆ ನಡುವ ಕೈ ಹಾಕ್ತಾರೇನ?"

ನನಗೆ ಅಳು ಬಂತು. ಈಗ ಮೈದಾನದಲ್ಲಿ ಕೂತು ನೋಡಿದ್ದನ್ನಷ್ಟೇ ಬರೆಯುತ್ತೇನೆ. ದಿನಕ್ಕೆ ಒಂದು ಸುದ್ದಿಯಾದರೆ ಹೆಚ್ಚು. ಮಾವ ಇವತ್ತಿಗೂ ನನ್ನದನ್ನು ತಲೆಬರಹದಿಂದಲೇ ಓದುತ್ತಾರೆ.