ಪಾಪ್‌ಕಾರ್ನ್ ಉಂಡೆಯ ಗತಿ

ಸಕ್ಕರೆ ಪಾಕದ ವಿಷಯದಲ್ಲಿ ‘ನನಗೆ ಗೊತ್ತು’ ಎನ್ನುವ ಗಂಡಸರನ್ನು ನಂಬಬಾರದು. ಯಾವುದೋ ಮದುವೆಮನೆಯಲ್ಲಿ ಅಡುಗೆಭಟ್ಟರು ಎರಡು ಬೆರಳಿನ ನಡುವೆ ಪಾಕ ಎಳೆದು ನೋಡುವಾಗ ಪಕ್ಕದಲ್ಲಿ ನಿಂತಿದ್ದೆವು ಎಂಬುದಷ್ಟೇ ಅವರ ವಿದ್ಯೆ. ನನ್ನದೂ ಅಷ್ಟೇ. ಉಡುಪಿಯಲ್ಲಿ ಹುಟ್ಟಿದವನೆಂದು ಅದಕ್ಕೆ ಒಂದಿಷ್ಟು ಬೆಲೆ ಬಂದಿದೆ, ಅದೂ ಸಮುದ್ರದಾಚೆಯ ಈ ಸ್ಯಾನ್ ರಮೋನಿನಲ್ಲಿ ಮಾತ್ರ.

ಆದದ್ದಿಷ್ಟು. ಪಕ್ಕದ ಮನೆಯ ಡಾರ್ಲೀನ್ ಅಜ್ಜಿ, ಎಂಬತ್ತು ದಾಟಿದವರು, ಬೇಲಿಯಾಚೆ ನಿಂತು ನನ್ನ ಒಂಬತ್ತು ವರ್ಷದ ಮಗಳು ಅನಘಳಿಗೆ ತಮ್ಮ ಕಾಲದ ಹ್ಯಾಲೋವೀನ್ ಹಬ್ಬದ ಕಥೆ ಹೇಳಿದರು. ಆಗ ಅಂಗಡಿಯ ಚಾಕೊಲೇಟು ಹಂಚುವ ರೂಢಿ ಇಷ್ಟಿರಲಿಲ್ಲವಂತೆ. ಪಾಪ್‌ಕಾರ್ನನ್ನು ಪಾಕದಲ್ಲಿ ಕಲಸಿ, ಉಂಡೆ ಕಟ್ಟಿ, ವೇಷ ಹಾಕಿಕೊಂಡು ಬಾಗಿಲಿಗೆ ಬಂದ ಮಕ್ಕಳಿಗೆ ಕೊಡುತ್ತಿದ್ದರಂತೆ. ಅನಘ ಅಲ್ಲೇ ತೀರ್ಮಾನ ಮಾಡಿಬಿಟ್ಟಳು. ಇದು ನಮ್ಮ ಅರಳುಂಡೆಯ ತಮ್ಮ, ಇದರಲ್ಲೇನಿದೆ ಎಂದು ನಾನೂ ಹೇಳಿಬಿಟ್ಟೆ. ಹಬ್ಬ ಶನಿವಾರ ಬಿದ್ದಿತ್ತು. ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿಗೆ ಹೊರಟ ಹೆಂಡತಿ, ಯಾವುದಕ್ಕೂ ಒಂದು ಚೀಲ ಚಾಕೊಲೇಟು ತಂದಿಟ್ಟಿರಿ ಎಂದಳು. ನಾನು ಅವಮಾನಿತನಂತೆ ನೋಡಿದೆ.

ಮೊದಲ ಪಾಕ ಕಪ್ಪಾಯಿತು. ಎರಡನೆಯದು ಗಟ್ಟಿಯಾಗಲೇ ಇಲ್ಲ. ಐದು ವರ್ಷದ ಮಗ ಋತು, ಆರಿದ ಆ ಅಂಟಿನಲ್ಲಿ ಮೊಣಕೈವರೆಗೆ ಕೈ ಅದ್ದಿ, ಮೈತುಂಬ ಪಾಪ್‌ಕಾರ್ನ್ ಮೆತ್ತಿಸಿಕೊಂಡು ಕೋಳಿಮರಿಯಂತೆ ಓಡಾಡಿದ. ಅವನನ್ನು ತೊಳೆಯುವುದರಲ್ಲಿ ಒಂದು ಗಂಟೆ ಹೋಯಿತು. ಮೂರನೆಯದು ಹದಕ್ಕೆ ಬಂತೆಂದು ಹಿಗ್ಗಿದೆ. ಆರಿದ ಮೇಲೆ ಒಂದು ಉಂಡೆ ಕೈತಪ್ಪಿ ಬಿತ್ತು. ಉಂಡೆಗೆ ಏನೂ ಆಗಲಿಲ್ಲ, ನೆಲದ ಟೈಲ್ಸು ಬಿರುಕು ಬಿಟ್ಟಿತು. ಮಧ್ಯಾಹ್ನದ ಹೊತ್ತಿಗೆ ನನಗೆ ಬದುಕಿನಲ್ಲಿ ಆಸೆ ಉಳಿದಿರಲಿಲ್ಲ. ಅನಘ ಮಾತ್ರ ಮತ್ತೆ ಪಾತ್ರೆ ತೊಳೆದು ತಂದು ನನ್ನ ಮುಂದಿಟ್ಟಳು. ನಾಲ್ಕನೆಯ ಸಲ, ಹಲ್ಲಿಗೆ ದಕ್ಕುವಂಥ ಇಪ್ಪತ್ತು ಉಂಡೆಗಳಾದವು. ಅವಳು ಒಂದೊಂದನ್ನೂ ಬೆಣ್ಣೆಕಾಗದದಲ್ಲಿ ಸುತ್ತಿ, ಮೇಲೆ ಈ ಹಬ್ಬದ ಗುರುತಾದ ಕುಂಬಳಕಾಯಿಯ ಮುಖ ಬರೆದಳು. ಇಪ್ಪತ್ತಕ್ಕೂ ಬೇರೆ ಬೇರೆ ನಗು.

ಸಂಜೆ ಆರಕ್ಕೆ ಬಾಗಿಲು ತಟ್ಟುವುದು ಶುರುವಾಯಿತು. ಮಕ್ಕಳು ಉಂಡೆಯನ್ನು ತಿರುಗಿಸಿ ನೋಡುತ್ತಿದ್ದರು, ಹಿಂದೆ ನಿಂತ ತಾಯಂದಿರ ಮುಖ ನೋಡುತ್ತಿದ್ದರು, ಆಮೇಲೆ ಬಹಳ ಸಭ್ಯವಾಗಿ ಬುಟ್ಟಿಗೆ ವಾಪಸು ಹಾಕುತ್ತಿದ್ದರು. ಹಿಂದಿನ ಬೀದಿಯ ಬೆಂಗಳೂರಿನವರೊಬ್ಬರು ಮಗನ ಕೈಯಿಂದ ಉಂಡೆ ತೆಗೆದು ನನ್ನ ಕೈಗಿಟ್ಟರು.

“ತಪ್ಪು ತಿಳ್ಕೋಬೇಡಿ ಸಾರ್. ಹೋಮ್‌ಮೇಡ್ ಅಲೋ ಮಾಡಲ್ಲ ನಾವು. ಯಾರು ಏನು ಬೆರೆಸಿರ್ತಾರೋ, ಯಾರನ್ನ ನಂಬೋದು ಹೇಳಿ, ಈ ಕಾಲದಲ್ಲಿ.”

ಇದನ್ನು ಅವರು ನನ್ನನ್ನೇ ಕೇಳಿದರು. ಹೌದೌದು ಎಂದು ತಲೆಯಾಡಿಸಿದೆ. ಒಂದು ಉಂಡೆ ತೆಗೆದುಕೊಂಡವರು ಡಾರ್ಲೀನ್ ಅಜ್ಜಿ ಮಾತ್ರ. ಅವರ ಹಲ್ಲಿನ ಸೆಟ್ಟನ್ನು ನೆನೆದು ನಾನು ಕೃಷ್ಣನಿಗೆ ಕೈಮುಗಿದೆ. ಅನಘ ಅಳಲಿಲ್ಲ. ಅತ್ತಿದ್ದರೆ ಸಮಾಧಾನವಾದರೂ ಮಾಡಬಹುದಿತ್ತು. ಹತ್ತೊಂಬತ್ತು ನಗುಮುಖಗಳ ಬುಟ್ಟಿಯನ್ನು ಒಳಗೆ ಕೊಂಡುಹೋಗಿ ಫ್ರಿಜ್ಜಿನ ಮೇಲಿಟ್ಟು ಬಂದಳು.

ನಾನು ಮಕ್ಕಳಿಬ್ಬರಿಗೂ ವೇಷ ಹಾಕಿಸಿ, ಕೈಗೊಂದು ಚೀಲ ಕೊಟ್ಟು, ನಾಲ್ಕು ಬೀದಿಯ ಮನೆ ಬಾಗಿಲು ಸುತ್ತಿಸಿಕೊಂಡು ಬಂದೆ. ಮನೆಗೆ ಬಂದು, ಎಲ್ಲ ಅಪ್ಪಂದಿರಂತೆ, ಅವರ ಚೀಲ ಸುರುವಿ, ತಿನ್ನಬಾರದ್ದೇನಾದರೂ ಇದೆಯೇ ಎಂದು ಪರೀಕ್ಷಿಸಲು ಕೂತೆ. ಚಾಕೊಲೇಟುಗಳ ನಡುವೆ ಕಡ್ಡಿಗೆ ಚುಚ್ಚಿದ ಒಂದು ಸೇಬು ಇತ್ತು, ಮೇಲೆ ಕಂದು ಪಾಕ, ಸುತ್ತಲೂ ಕಾಗದ, ಕಿತ್ತಳೆ ದಾರ. ಯಾವ ಮನೆಯದೋ ನೆನಪಾಗಲಿಲ್ಲ. ಕೈ ತಾನಾಗಿಯೇ ಅದನ್ನು ಎತ್ತಿ ಕಸದ ಡಬ್ಬಿಗೆ ಹಾಕಿತು.

ಮನೆಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಅನಘ ನಿಧಾನವಾಗಿ, ಪದ ಹುಡುಕಿ, ಕನ್ನಡದಲ್ಲಿ ಹೇಳಿದಳು: “ಅಪ್ಪ, ಅವರೂ ಮಾಡಿದಾರೆ. ನಮ್ಮ ಥರಾನೇ.”

ಸೇಬನ್ನು ಹೊರಗೆ ತೆಗೆದೆ. ಕಾಗದ ಬಿಚ್ಚಿ, ಮಕ್ಕಳಿಬ್ಬರ ಎದುರಿಗೆ ಕೂತು, ದೊಡ್ಡದಾಗಿ ಒಂದು ತುಂಡು ಕಚ್ಚಿದೆ. ಅಷ್ಟು ಒಳ್ಳೆಯ ಪಾಕವನ್ನು ನಾನು ಯಾವ ಮದುವೆಮನೆಯಲ್ಲೂ ತಿಂದಿಲ್ಲ. ಹತ್ತು ನಿಮಿಷ ಅವರಿಬ್ಬರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡುತ್ತಿದ್ದರು. ನನಗೆ ಏನೂ ಆಗಲಿಲ್ಲ. ಋತುವಿಗೆ ಸ್ವಲ್ಪ ನಿರಾಸೆಯಾದಂತೆ ಕಂಡಿತು. ಆಮೇಲೆ ಅನಘ, ತನಗೂ ಒಂದು ತುಂಡು ಬೇಕೆಂದು ಕೈ ಚಾಚಿದಳು.

“ಬೆಳಿಗ್ಗೆವರೆಗೂ ನೋಡೋಣ ಪುಟ್ಟಿ,” ಎಂದೆ.