ಕೆಂಪರಾಜನ ಕಾವಲುಗಾರ

ಕುಡಿತ ಬಿಡುವವರ ಗುಂಪಿಗೆ ನಾನು ಸೇರಿದ್ದು ಕಾವಲುಗಾರನಾಗಿ. ಕೊಪ್ಪದ ಡೇರಿಯಲ್ಲಿ ಮೂವತ್ತು ವರ್ಷ ಹಾಲು ಪರೀಕ್ಷೆ ಮಾಡಿದವನು ನಾನು. ಒಂದು ಲೋಟ ನೀರು ಬೆರೆಸಿದರೂ ಹಿಡಿದುಬಿಡುತ್ತಿದ್ದೆ. ಅಂಥವನಿಗೆ ಒಬ್ಬ ಭಾಮೈದನನ್ನು ಹಿಡಿದಿಟ್ಟುಕೊಳ್ಳುವುದು ಯಾವ ಮಹಾ ಕೆಲಸ!

ಭಾಮೈದ ಎಂದರೆ ನನ್ನ ಹೆಂಡತಿ ಸಾವಿತ್ರಿಯ ತಮ್ಮ ಕೆಂಪರಾಜು. ಹೋದ ವರ್ಷ ಶ್ರಾವಣದಲ್ಲಿ ಸಾವಿತ್ರಿ ತೀರಿಕೊಂಡಳು. ನಮಗೆ ಮಕ್ಕಳಿಲ್ಲ. ಅವಳು ನನ್ನ ಪಾಲಿಗೆ ಬಿಟ್ಟುಹೋದದ್ದು ಎರಡು ಹಸು ಮತ್ತು ಪಕ್ಕದ ಬೀದಿಯ ಈ ತಮ್ಮ. ಹಸುಗಳು ಹೇಳಿದ ಮಾತು ಕೇಳುತ್ತಿದ್ದವು.

ಕೆಂಪರಾಜನ ಕುಡಿತ ತಾಳಲಾರದೆ ಅವನ ಹೆಂಡತಿ ರತ್ನ ಮಗಳನ್ನು ಕರೆದುಕೊಂಡು ಮಳವಳ್ಳಿಯ ತವರಿಗೆ ಹೋಗಿ ಕೂತಿದ್ದಳು. ಫೋನು ಮಾಡಿದರೆ ಒಂದೇ ಮಾತು: "ಅಣ್ಣ, ಆರು ತಿಂಗ್ಳು ಒಂದ್ ತೊಟ್ಟೂ ಮುಟ್ದೆ ಇದ್ರೆ ಬತ್ತೀನಿ. ಮುಟ್ಟುದ್ರೋ, ನನ್ನಾಸೆ ಬುಟ್ಬುಡಿ ಅಂತ ಅವ್ರಿಗೆ ಹೇಳಿ."

ಮಂಡ್ಯದಲ್ಲಿ ಪ್ರತಿ ಭಾನುವಾರ ಇಂಥವರೆಲ್ಲ ಗುಂಪಾಗಿ ಕೂತು ಮಾತಾಡುತ್ತಾರೆ, ಮನೆಯವರೊಬ್ಬರು ಜೊತೆಗೆ ಹೋದರೆ ಒಳ್ಳೆಯದು ಎಂದು ಡಾಕ್ಟರು ಹೇಳಿದರು. ನಾನು ಇಸ್ತ್ರಿ ಅಂಗಿ ಹಾಕಿಕೊಂಡು, ಕೆಂಪರಾಜನನ್ನು ಕಿಟಕಿ ಪಕ್ಕ ಕೂರಿಸಿ, ಅವನು ಇಳಿದು ಓಡದಂತೆ ಕಾಲು ಅಡ್ಡ ಇಟ್ಟುಕೊಂಡು ಬಸ್ಸಿನಲ್ಲಿ ಹೊರಟೆ.

ಅಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ್ದರು. ಏಳೆಂಟು ಗಂಡಸರು, ಒಬ್ಬರು ಮೇಡಂ. ಮೇಡಂ ನಿಯಮ ಹೇಳಿದರು. ಯಾರೂ ಯಾರಿಗೂ ಬುದ್ಧಿ ಹೇಳಬಾರದು. ಅವರವರ ವಿಷಯ ಅವರವರೇ ಮಾತಾಡಬೇಕು. ಇಲ್ಲಿ ಆಡಿದ್ದು ಇಲ್ಲೇ ಇರಬೇಕು.

ನಾನು ಎದ್ದು ನಿಂತು ಕೆಂಪರಾಜನ ಜೀವನಚರಿತ್ರೆಯನ್ನು ಅವನ ನಾಮಕರಣದಿಂದ ಶುರು ಮಾಡಿದೆ. ಅವನು ಮದ್ದೂರು ಸಂತೆಯಲ್ಲಿ ಚರಂಡಿಗೆ ಬಿದ್ದ ಪ್ರಸಂಗಕ್ಕೆ ಬರುವಷ್ಟರಲ್ಲಿ ಮೇಡಂ ಕೈ ಎತ್ತಿದರು.

"ಸರ್, ನಿಮ್ಮ ಬಗ್ಗೆ ಹೇಳಿ."

"ನನಗೇನಾಗಿದೆ ಮೇಡಂ? ನಾನು ಚೆನ್ನಾಗಿದೀನಿ. ಇವನ ಕಾವಲಿಗೆ ಬಂದಿದೀನಿ."

ಎದುರು ಕುರ್ಚಿಯಲ್ಲಿದ್ದ ಮೆಕ್ಯಾನಿಕ್ ಇಲಿಯಾಸ್ ನನ್ನನ್ನು ಬಹಳ ಪ್ರೀತಿಯಿಂದ ನೋಡಿದ. "ಮೊದಲ್ನೇ ದಿನ ನಾವೂ ಇಂಗೇ ಅಂದಿದ್ದೋ ಬುಡಿ ಸಾರ್. ನಿಧಾನುಕ್ಕೆ ಹೇಳಿ, ಅವಸ್ರ ಇಲ್ಲ."

ಎಲ್ಲರೂ ತಲೆ ಆಡಿಸಿದರು. ಆವತ್ತಿನಿಂದ ನಾನು ಆ ಗುಂಪಿನ ಅತ್ಯಂತ ಹಠಮಾರಿ ಕುಡುಕ!

ಆದರೂ ವಾರ ವಾರ ಹೋದೆ. ನಿಜ ಹೇಳಬೇಕೆಂದರೆ ಶನಿವಾರವೇ ಅಂಗಿ ಇಸ್ತ್ರಿ ಮಾಡಿಸುತ್ತಿದ್ದೆ. ಸಾಯಂಕಾಲ ಆರು ಗಂಟೆಯಾದರೆ ತನ್ನ ಬೈಕು ತಾನಾಗಿಯೇ ಅಂಗಡಿ ಕಡೆಗೆ ತಿರುಗುತ್ತದೆ ಎಂದು ಇಲಿಯಾಸ್ ಹೇಳಿದರೆ ಯಾರೂ ನಗುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ನಂಗೂ ಅಂಗೇ ಕಣಣ್ಣ ಎಂದು ಇನ್ನೊಬ್ಬ ಹೇಳುತ್ತಿದ್ದ. ಅಷ್ಟಕ್ಕೇ ಇಲಿಯಾಸನ ಹೆಗಲು ಸ್ವಲ್ಪ ಇಳಿಯುತ್ತಿತ್ತು. ಸಾವಿತ್ರಿ ಹೋದಾಗಿನಿಂದ ಊರೆಲ್ಲ ನನಗೆ 'ಧೈರ್ಯ ತಗೊಳ್ಳಿ' ಎಂದು ಹೇಳಿತ್ತು. ನಂಗೂ ಅಂಗೇ ಎಂದವರು ಒಬ್ಬರೂ ಇರಲಿಲ್ಲ. ಅದಕ್ಕೆ ನಾನೂ ಬಾಯಿ ಬಿಟ್ಟಿರಲಿಲ್ಲ ಅನ್ನಿ.

ನಾಲ್ಕು ತಿಂಗಳು ಕಳೆಯಿತು. ಕೆಂಪರಾಜು ತೊಟ್ಟು ಮುಟ್ಟಿರಲಿಲ್ಲ. ಪಿತೃಪಕ್ಷ ಬಂತು. ನಮ್ಮ ಕಡೆ ತೀರಿಹೋದ ಹಿರಿಯರಿಗೆ ಅವರವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಬಾಳೆಎಲೆಯಲ್ಲಿ ಎಡೆ ಇಡುತ್ತೇವೆ. ಈ ಸಲ ಆ ಹಿರಿಯರ ಸಾಲಿಗೆ ಸಾವಿತ್ರಿಯೂ ಸೇರಿದ್ದಳು. ಮನೆಯಲ್ಲಿ ಒಬ್ಬನೇ ಎಡೆ ಇಡುವುದನ್ನು ನೆನೆಸಿಕೊಂಡೇ ನನಗೆ ಒಂಥರಾ ಆಯಿತು. ಅದಕ್ಕೆ ಇಡೀ ಗುಂಪನ್ನೇ ಊಟಕ್ಕೆ ಕರೆದುಬಿಟ್ಟೆ.

"ಅಲ್ಲಿ ಕುಡಿಯೋದು ಏನಾದ್ರೂ ಇರುತ್ತಾ ಸರ್?" ಮೇಡಂ ಕೇಳಿದರು.

"ಛೆ ಛೆ! ಎಂಥ ಮಾತು ಮೇಡಂ!"

ಆ ಗಳಿಗೆಯಲ್ಲಿ ನನಗೆ ನನ್ನ ಅಪ್ಪ ನೆನಪಾಗಲಿಲ್ಲ.

ಅಡುಗೆಗೆಂದು ಬಂದ ನನ್ನ ಅಕ್ಕ ಜಯಕ್ಕನಿಗೆ ನೆನಪಾಯಿತು. "ಅಪ್ಪಂಗೆ ಬ್ರಾಂದಿ ತಂದ್ಯೇನ್ಲಾ?"

"ಈ ಸಲ ಬ್ಯಾಡ ಬುಡಕ್ಕ. ಬರೋರೆಲ್ಲ ಕುಡಿತ ಬುಟ್ಟೋರು."

"ಅವ್ರು ಬುಟ್ಟವ್ರೆ, ಅಪ್ಪ ಬುಟ್ಟಿಲ್ವಲ್ಲ! ಬದುಕಿದ್ದಾಗ ಇಲ್ಲ ಅಂದ್ರೆ ತಟ್ಟೆ ಒದೀತಿದ್ದ. ಸತ್ಮ್ಯಾಲೆ ಸುಮ್ಕಿರ್ತಾನಾ?"

ಪ್ರತಿ ವರ್ಷ ಇದನ್ನೆಲ್ಲ ಸಾವಿತ್ರಿಯೇ ಯಾರಿಂದಲೋ ತರಿಸಿ, ಸದ್ದಿಲ್ಲದೆ ಇಟ್ಟು ಸದ್ದಿಲ್ಲದೆ ತೆಗೆಯುತ್ತಿದ್ದಳು. ಈ ಸಲ ನಾನೇ ಹೋಗಬೇಕಾಯಿತು. ಹಬ್ಬದ ದಿನ ನೂಕುನುಗ್ಗಲು ಇರುತ್ತದೆಂದು ನಾಲ್ಕು ದಿನ ಮೊದಲೇ ಹೋದೆ. ಮುಂದಾಲೋಚನೆ!

"ಯಾವ್ದು ಕೊಡ್ಲಿ ಸಾ?" ಅಂಗಡಿಯವನು ಕೇಳಿದ.

"ವಯಸ್ಸಾದವರಿಗೆ ಒಗ್ಗೋದು ಕೊಡಪ್ಪ."

ಹಿಂದೆ ಯಾರೋ ಕೆಮ್ಮಿದರು. ತಿರುಗಿದರೆ, ಯಾರ ಹಾಲನ್ನು ನಾನು ನೂರು ಸಲ ವಾಪಸು ಕಳಿಸಿದ್ದೆನೋ ಅದೇ ಬೋರೇಗೌಡ. "ಓಹೋ, ಟೆಸ್ಟರಣ್ಣ! ಪಾಪ, ಅಮ್ಮೋರು ಓದ್ಮ್ಯಾಲೆ ನಿಮ್ಗೂ ಕಷ್ಟವೇಯ."

"ಎಡೆಗೆ ಕಣಪ್ಪ, ಎಡೆಗೆ!"

"ಎಡೆ ಇನ್ನೂ ನಾಕ್ ದಿನ ಐತಲ್ಲಣ್ಣ. ಅಲ್ಲೀಗಂಟ ಉಳೀತದಾ?"

ಕ್ವಾರ್ಟರನ್ನು ಪಂಚೆಯ ಮಡಿಲಲ್ಲಿ ಕಟ್ಟಿಕೊಂಡು ಮನೆ ಸೇರಿದೆ. ಬಾಟಲಿ ಕಣ್ಣಿಗೆ ಬಿದ್ದರೆ ತಾನೆ ಆಸೆ? ಹಬ್ಬದ ಬೆಳಗ್ಗೆ ಅದನ್ನು ತಾಮ್ರದ ಚೊಂಬಿಗೆ ಸುರಿದು ಎಡೆಯ ಪಕ್ಕ ಇಟ್ಟೆ. ಅಪ್ಪನಿಗೂ ಸಂತೋಷ, ಗುಂಪಿಗೂ ಕ್ಷೇಮ. ಅದರ ಜೋಡಿ ಚೊಂಬಿನಲ್ಲಿ ತೀರ್ಥ ಇತ್ತು ಎಂಬುದು ಅಷ್ಟು ದೊಡ್ಡ ವಿಷಯ ಎಂದು ನನಗೆ ಅನ್ನಿಸಲಿಲ್ಲ.

ಎಲೆಗೆ ಬಡಿಸುತ್ತ ಜಯಕ್ಕ ಕೇಳಿದಳು: "ಸಾವಿತ್ರಿಗೆ ಏನ್ಲಾ ಇಷ್ಟ? ಏನಿಡ್ಲಿ?"

ನಾನು ಚೆನ್ನಾಗಿ ಉರಿಯುತ್ತಿದ್ದ ದೀಪದ ಬತ್ತಿಯನ್ನು ಸರಿಮಾಡಿದೆ.

"ಎಲ್ಲಾ ಇಷ್ಟ" ಎಂದೆ. ಅಕ್ಕ ಮೊಸರನ್ನ ಇಟ್ಟಳು.

ಸಾಂಬ್ರಾಣಿ ಹೊಗೆ ಹಾಕಿ, ಹಿರಿಯರು ಉಣ್ಣಲಿ ಎಂದು ಬಾಗಿಲು ಮುಚ್ಚಿ, ಊಟಕ್ಕೆ ಬಂದ ಗುಂಪಿನವರೂ ನಾವೂ ಜಗಲಿಯಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದರೆ ಒಳಗೆ ಹೊಗೆಯೋ ಹೊಗೆ. ಬೆಳಗ್ಗಿನಿಂದ ಮೆಣಸಿನಕಾಯಿ ಹುರಿದು ಅಕ್ಕನ ಮೂಗು ಕಟ್ಟಿತ್ತು. ಆ ಹೊಗೆಯಲ್ಲಿ ಅವಳು ಕೈಗೆ ಸಿಕ್ಕ ಚೊಂಬನ್ನು ಎತ್ತಿಕೊಂಡಳು.

"ಮೊದ್ಲು ಸಾವಿತ್ರಿ ತಮ್ಮುಂಗೆ. ಬಾ ಕೆಂಪ, ತೀರ್ಥ ತಗೋ."

ಕೆಂಪರಾಜು ಭಕ್ತಿಯಿಂದ ಅಂಗೈ ಬಟ್ಟಲು ಮಾಡಿದ. ಅಕ್ಕ ಧಾರಾಳವಾಗಿ ಸುರಿದಳು. ಅವನು ಕೈಯನ್ನು ಬಾಯಿಯ ಹತ್ತಿರ ಒಯ್ದವನು ಅಲ್ಲೇ ನಿಂತ. ನಾನು ಕೂಗಲು ಹೋದೆ, ಹೊಗೆಗೆ ಬಂದದ್ದು ಬರೀ ಕೆಮ್ಮು.

"ಭಾವ," ಅವನು ಅಂಗೈ ನೋಡುತ್ತಲೇ ಹೇಳಿದ, "ಇದು ತೀರ್ಥ ಅಲ್ಲ ಕಣ್ ಭಾವ."

ಎಡೆಯಲ್ಲಿಟ್ಟ ಪ್ರಸಾದ, ಚೆಲ್ಲುವಂತಿಲ್ಲ. ಕುಡಿದರೆ ನಾಲ್ಕು ತಿಂಗಳು ಮಣ್ಣುಪಾಲು, ರತ್ನ ಬರುವುದಿಲ್ಲ. ಅಂಗೈಯನ್ನು ಹಾಗೇ ಹಿಡಿದುಕೊಂಡು ಅವನು ಜಗಲಿಗೆ ಬಂದ. ಅಲ್ಲಿದ್ದ ಇಲಿಯಾಸ್ ವಾಸನೆಗೇ ವಿಷಯ ತಿಳಿದುಕೊಂಡ. ಬುದ್ಧಿ ಹೇಳಲಿಲ್ಲ, ಕೈಯನ್ನು ತಟ್ಟಲಿಲ್ಲ. ಚಾಪೆ ಎಳೆದು ಅವನನ್ನು ಕೂರಿಸಿದ. ಉಳಿದವರೂ ಸುತ್ತ ಕೂತರು, ಥೇಟ್ ಮಂಡ್ಯದ ಹಾಗೆ.

"ಹೇಳು ಕೆಂಪಣ್ಣ, ಏನ್ ಅನ್ನಿಸ್ತಾ ಐತೆ?"

"ಕುಡೀಬೇಕು ಅನ್ನಿಸ್ತಾ ಐತೆ. ಅಕ್ಕನ್ ಎಡೆ ಮುಂದೇನೇ ಇಂಗನ್ನಿಸ್ತಾ ಐತಲ್ಲಾ ಅಂತ ನಾಚ್ಕೆ ಆಯ್ತಾ ಐತೆ. ನನ್ ಮಗ್ಳು ನೆಪ್ಪಾಯ್ತಾವ್ಳೆ."

"ನಂಗೂ ಅಂಗೇ ಆಯ್ತಾ ಐತೆ" ಎಂದ ಇಲಿಯಾಸ್. "ನಂಗೂವೆ" ಎಂದ ಇನ್ನೊಬ್ಬ. ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತಲೇ ಇದ್ದರು. ಕೆಂಪರಾಜು ಕೇಳುತ್ತ ಕೂತಿದ್ದ. ಅವನ ಬೆರಳ ಸಂದಿಯಿಂದ ತೊಟ್ಟು ತೊಟ್ಟಾಗಿ ಸೋರಿ ಸೋರಿ, ಯಾರೂ ಗಮನಿಸುವ ಮೊದಲೇ ಅಂಗೈ ಖಾಲಿಯಾಗಿತ್ತು. ಅವನು ಎದ್ದು ಹಸುವಿನ ಬಕೆಟ್ಟಿನಲ್ಲಿ ಮೊಣಕೈವರೆಗೂ ತೊಳೆದುಕೊಂಡು ಬಂದ. ಚೊಂಬಿನಲ್ಲಿ ಉಳಿದದ್ದನ್ನು ಅಕ್ಕ ಯಾರೂ ತುಳಿಯದ ತೆಂಗಿನ ಬುಡಕ್ಕೆ ಸುರಿದಳು.

ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಆದರೆ ಹೊರಗೆ ಬಂದ ಮಾತೇ ಬೇರೆ.

"ಮೂವತ್ತೊಂದು ವರ್ಷ ಜೊತೇಲಿದ್ದೆ. ಅವಳಿಗೆ ತಿನ್ನೋಕೆ ಏನಿಷ್ಟ ಅಂತ ನನಗೆ ಗೊತ್ತಿಲ್ಲ. ದಿನಾ ನಿಮಗೇನು ಬೇಕು ಅಂತ ಅವಳೇ ಕೇಳೋಳು. ನಾನು ಒಂದು ದಿನ ಕೇಳಲಿಲ್ಲ." ಹೀಗೆ ಹೇಳಿ, ಊರಿನ ಹಾಲನ್ನೆಲ್ಲ ಪರೀಕ್ಷೆ ಮಾಡಿದ ನಾನು ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತುಬಿಟ್ಟೆ.

ಯಾರೂ ಧೈರ್ಯ ತಗೊಳ್ಳಿ ಎನ್ನಲಿಲ್ಲ.

"ನಮ್ಮಮ್ಮಂಗೇನಿಷ್ಟ ಅಂತ ನಂಗೂ ಗೊತ್ತಿಲ್ಲ ಸಾರ್" ಎಂದ ಇಲಿಯಾಸ್ ಮೆಲ್ಲಗೆ.

"ಚಿಗಳಿ, ಭಾವ" ಎಂದ ಕೆಂಪರಾಜು. "ಹುಣ್ಸೆಹಣ್ಣು, ಬೆಲ್ಲ, ಉಪ್ಪು ಕುಟ್ಟಿ ಕಡ್ಡಿಗೆ ಸುತ್ತುದ್ರೆ ಅಕ್ಕ ಪ್ರಾಣ ಬುಡೋಳು. ಇರಿ, ಕುಟ್ಕೊಂಡು ಬತ್ತೀನಿ."

ಅವನು ಕುಟ್ಟಿದ. ನಾನು ಎಡೆಗೆ ಇಟ್ಟೆ. ಒಳಗಿನಿಂದ ಜಯಕ್ಕ ಕೂಗಿದಳು: "ಮುದ್ದೆ ಆರೋಯ್ತಾ ಐತೆ! ಇಷ್ಟು ಜನ ಗಂಡಸ್ರು ಕುಡೀದೇನೆ ಅಳೋದ್ನ ನಾನೆಲ್ಲೂ ಕಂಡಿಲ್ಲ ಕಣಪ್ಪ!"

ಮುಂದಿನ ಭಾನುವಾರ ಮಂಡ್ಯದಲ್ಲಿ ಮೇಡಂ ಕೇಳುವ ಮೊದಲೇ ನಾನು ನನ್ನ ವಿಷಯ ಶುರು ಮಾಡಿದೆ. ಮುಕ್ಕಾಲು ಗಂಟೆ ಮಾತಾಡಿದೆನಂತೆ. ಎಲ್ಲರ ಟೀ ಆರಿತು. ಆವತ್ತು ರಾತ್ರಿ, ಸಾವಿತ್ರಿ ಹೋದ ಮೇಲೆ ಮೊದಲ ಸಲ, ರಾಗಿ ಮುದ್ದೆ ನನ್ನ ಗಂಟಲಿನಲ್ಲಿ ಸಲೀಸಾಗಿ ಇಳಿಯಿತು.

ಆರು ತಿಂಗಳು ತುಂಬಿದ ವಾರ ರತ್ನ ಮಗಳೊಂದಿಗೆ ಮಳವಳ್ಳಿಯಿಂದ ಬಂದಳು. ನೇರ ನಮ್ಮ ಮನೆಗೇ ಬಂದು ನನ್ನ ಕಾಲಿಗೆ ನಮಸ್ಕಾರ ಮಾಡಿದಳು. ನಾನು ಎದೆ ಉಬ್ಬಿಸಿ, "ನಾನೇನು ಮಾಡಿದೆ ಬಿಡಮ್ಮ, ಕಾವಲು ಕಾದೆ ಅಷ್ಟೆ" ಎನ್ನಲು ಸಿದ್ಧನಾದೆ.

"ಅಣ್ಣ, ತಪ್ಪು ತಿಳ್ಕೋಬ್ಯಾಡಿ" ಎಂದಳು ರತ್ನ, ದನಿ ತಗ್ಗಿಸಿ. "ಬೋರೇಗೌಡ್ರು ಬಸ್‌ಸ್ಟ್ಯಾಂಡಲ್ಲಿ ಎಲ್ಲಾ ಹೇಳುದ್ರು. ನಮ್ಮೋರಂಥೋರೇ ಬುಟ್ಟವ್ರೆ. ನೀವೂ ಮನಸ್ಸು ಮಾಡುದ್ರೆ ಬುಡ್ಬೋದು."

ನಾನು ಕೆಂಪರಾಜನ ಮುಖ ನೋಡಿದೆ. ಅವನು ಬಹಳ ಶ್ರದ್ಧೆಯಿಂದ ಸೂರು ನೋಡುತ್ತಿದ್ದ. ನಿಜ ಬಿಡಿಸಿ ಹೇಳೋಣವೆಂದರೆ, ಇನ್ನು ಮೇಲೆ ಭಾನುವಾರ ಮಂಡ್ಯಕ್ಕೆ ಹೋಗಲು ನನಗೆ ಬೇರೆ ಯಾವ ನೆಪ ಉಳಿದಿತ್ತು?

"ಪ್ರಯತ್ನ ಮಾಡ್ತೀನಮ್ಮ" ಎಂದೆ.

ಆ ಭಾನುವಾರ ರತ್ನ ನನಗೆ ಬುತ್ತಿ ಕಟ್ಟಿದಳು. ಬಸ್ಸಿನಲ್ಲಿ ನನ್ನನ್ನು ಕಿಟಕಿ ಪಕ್ಕ ಕೂರಿಸಿ, ಕೆಂಪರಾಜನಿಗೆ ಕಟ್ಟುನಿಟ್ಟಾಗಿ ಹೇಳಿದಳು: "ಮದ್ದೂರ್ ಸ್ಟ್ಯಾಂಡಲ್ಲಿ ಒಸಿ ಉಸಾರಾಗಿ ನೋಡ್ಕಳಿ. ಇಳ್ಕೊಂಬುಟ್ಟಾರು!"