ಮನಿಪ್ಲಾಂಟಿನ ಕಾವಲು

ಕಚೇರಿಯಲ್ಲಿ ಗಿಡ ಇಟ್ಟರೆ ಗಾಳಿ ಶುದ್ಧವಾಗುತ್ತದೆ, ಮನಸ್ಸು ತಂಪಾಗುತ್ತದೆ, ಜನರ ನಡುವೆ ಪ್ರೀತಿ ಬೆಳೆಯುತ್ತದೆ ಎಂದು ಎಲ್ಲೋ ಓದಿದೆ. ಓದಿ ಸುಮ್ಮನಿರಬೇಕಿತ್ತು. ಇರಲಿಲ್ಲ. ಕುಂದಾಪುರದ ನಮ್ಮ ಸಹಕಾರಿ ಸಂಘದ ಕಚೇರಿಗೆ ಕುಂಡಗಳನ್ನು ಹೊತ್ತು ತಂದೆ. ಅಂದಿನಿಂದ ನಾನು ಬೆಚ್ಚಿಬೀಳದ ವಾರವೇ ಇಲ್ಲ.

ಗಾಳಿ ಶುದ್ಧ

ಬೈಂದೂರಿನಿಂದ ವರ್ಗವಾಗಿ ಬಂದ ಹೊಸ ಮ್ಯಾನೇಜರು ಬಾಗಿಲಲ್ಲೇ ನಿಂತುಬಿಟ್ಟರು.

"ಇದೆಂತ ಮರಾಯ್ರೆ, ಆಫೀಸಾ, ಕಾಡ್ ಹಾಡಿಯಾ?"

"ಗಾಳಿ ಶುದ್ಧ ಆತ್ತ್ ಸರ್" ಎಂದೆ.

"ಶುದ್ಧ ಗಾಳಿ ಬೇಕಾರೆ ಕಿಟಕಿ ತೆಗಿನಿ."

ಅವರೇ ಹೋಗಿ ತೆಗೆದರು. ಕಿಟಕಿಯ ಆಚೆ ಮೀನು ಮಾರ್ಕೆಟ್ಟು. ತೆಗೆದಷ್ಟೇ ಬೇಗ ಮುಚ್ಚಿ, ಮೂಗಿಗೆ ಕರವಸ್ತ್ರ ಹಿಡಿದರು. ಆದರೂ ಸೋಲಲಿಲ್ಲ. ಬ್ರಹ್ಮಾವರದಿಂದ ಸಂಘದ ಅಧ್ಯಕ್ಷರು ಶಾಖೆ ನೋಡಲು ಬರುವವರಿದ್ದರು. ಅವರು ಮೆಚ್ಚಿದರೆ ಸರಿ, ಇಲ್ಲದಿದ್ದರೆ ಗಿಡವೆಲ್ಲ ಹೊರಗೆ, ಆ ಕಿಟಕಿಯ ಬಳಿ ಜೆರಾಕ್ಸ್ ಮೆಷಿನ್ನು ಎಂದು ಅಪ್ಪಣೆಯಾಯಿತು. ಕಿಟಕಿಯ ಬಳಿ ಇರುವುದು ನನ್ನ ಕುರ್ಚಿ. ಹಗಲೆಲ್ಲ ನಾನು ಕಣ್ಣು ತಂಪು ಮಾಡಿಕೊಳ್ಳುವುದು ಅಲ್ಲಿನ ಮನಿಪ್ಲಾಂಟ್ ನೋಡಿ. ಅದರ ಬದಲು ಜೆರಾಕ್ಸ್ ಮೆಷಿನ್ ನೋಡುತ್ತಾ ನಿವೃತ್ತಿಯಾಗಬೇಕೇ?

"ಗಿಡ ಇಟ್ರೆ ಹಾವ್ ಬತ್ತ್" ಎಂದು ಬೇರೆ ಹೇಳಿದರು. ಆ ವಾರ ಕಚೇರಿಯೊಳಗೆ ಬಂದದ್ದು ಮೀನಿನ ವಾಸನೆ ಹಿಡಿದ ಒಂದು ಬೆಕ್ಕು ಮಾತ್ರ, ಅದೂ ಮ್ಯಾನೇಜರ ಕುರ್ಚಿಯ ಮೇಲೇ ಮಲಗಿತು.

ಮನಸ್ಸಿಗೆ ತಂಪು

ನನ್ನ ಕುಂಡಗಳಲ್ಲಿ ಕೆಸುವಿನಂತೆ ಕಾಣುವ, ಬಣ್ಣದ ಅಗಲ ಎಲೆಯ ಶೋ ಗಿಡವೊಂದಿತ್ತು. ಆಸಾಡಿಯ ಮಳೆ ತಿಂಗಳು. ಮನೆಮನೆಯಲ್ಲೂ ಕೆಸುವಿನ ಎಲೆ ಸುತ್ತಿ ಬೇಯಿಸುವ ಪತ್ರೊಡೆಯ ಕಾಲ. ನಾನು ಚಹಾ ಕುಡಿದು ಬರುತ್ತೇನೆ, ಕುಂಡದಲ್ಲಿ ಬರೀ ದಂಟು ನಿಂತಿದೆ!

ಶಂಕರನಾರಾಯಣ ಊರಿನ ಕಡೆಯಿಂದ ಠೇವಣಿ ನವೀಕರಿಸಲು ಬಂದ ಅಜ್ಜಿಯೊಬ್ಬರು ಬೆಂಚಿನಲ್ಲಿ ಕೂತು, ನನ್ನ ಎಲೆಗಳನ್ನು ಸುರುಳಿ ಸುತ್ತಿ ಚೀಲಕ್ಕೆ ತುಂಬುತ್ತಿದ್ದರು.

"ಅಯ್ಯೋ ಅಮ್ಮಾ! ಅದ್ ವಿಷ! ತಿಂದ್ರೆ ಗಂಟ್ಲ್ ಬಾತ್ಕಂತ್!" ಎಂದು ಕಿರುಚಿ ಚೀಲ ಕಿತ್ತುಕೊಂಡೆ. ಕ್ಯೂ ಪೂರ್ತಿ ನನ್ನ ಕಡೆ ತಿರುಗಿತು.

ಅಜ್ಜಿಗೆ ಗಾಬರಿಯೇ ಇಲ್ಲ. "ಹುಳಿ ಜಾಸ್ತಿ ಹಾಕ್ರೆ ಆತಿಲ್ಯಾ?"

"ಇಲ್ಲ ಅಮ್ಮ, ಅದನ್ನ್ ತಿಂಬುಕೇ ಆಗ."

"ದೇವ್ರಿಗ್ ಇಡುಕೆ ಹೂವಾರೂ ಬಿಡತ್ತಾ?"

"ಇಲ್ಲ."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಂಗಾರೆ ಎಂತಕ್ ನೆಟ್ಟದ್ದ್ ಹೆಣ್ಣೆ?"

ಜನರ ನಡುವೆ ಪ್ರೀತಿ

ಅಧ್ಯಕ್ಷರು ಬರುವ ದಿನ ಹತ್ತಿರವಾದಂತೆ ಇನ್ನೊಂದು ಆಘಾತ. ಕಿಟಕಿಯ ಮನಿಪ್ಲಾಂಟ್ ದಿನದಿಂದ ದಿನಕ್ಕೆ ಗಿಡ್ಡವಾಗುತ್ತಿದೆ! ಬೆಳಿಗ್ಗೆ ಇದ್ದ ಕುಡಿ ಸಂಜೆಗಿಲ್ಲ. "ಗಿಡ ಚಿವುಟಬಾರದು. ಬೇಕಾದವರು ಕೇಳಿ ಪಡೆಯಿರಿ" ಎಂದು ಬರೆದು ಅಂಟಿಸಿದೆ. ಯಾರೂ ಕೇಳಲಿಲ್ಲ. ಕುಡಿ ಮಾತ್ರ ಹೋಗುತ್ತಲೇ ಇತ್ತು.

ನಮ್ಮ ಅಟೆಂಡರ್ ಅಕ್ಕ ಬೋರ್ಡು ಓದಿ ಬಿದ್ದು ಬಿದ್ದು ನಕ್ಕರು. "ನಿಮ್ಗೆ ಗೊತ್ತಿಲ್ಯಾ? ಕೇಂಡ್ ತಕಂಡ್ಹೋದ್ ಮನಿಪ್ಲಾಂಟ್ ಬದ್ಕುದಿಲ್ಲ. ಕದ್ರೇ ಚಿಗುರುದ್!"

ಕೇಳಿ ಒಯ್ದದ್ದು ಸಾಯುತ್ತದಂತೆ, ಕದ್ದದ್ದೇ ಬದುಕುತ್ತದಂತೆ! ಆಮೇಲೆ ಬಂದವರ ಚೀಲವನ್ನೆಲ್ಲ ಇಣುಕತೊಡಗಿದೆ. ಮೀನು ತಂದ ಹೆಂಗಸೊಬ್ಬರು "ಬಂಗ್ಡಿ ಬೇಕಾರೆ ಬಾಯ್ಬಿಟ್ಟ್ ಕೇಣಿ" ಎಂದು ಬೈದರು. ನಾಚಿಕೆಯಿಂದ ಕುಗ್ಗಿಹೋದೆ.

ಮ್ಯಾನೇಜರಿಗೇ ನನ್ನ ಮೇಲೆ ಕರುಣೆ ಬಂತು. "ಎಂತಾ ಜನ ಮರಾಯ್ರೆ! ನಮ್ ಬೈಂದೂರ್ ಬದಿಯಗೆ ಹೀಂಗೆಲ್ಲ ಇಲ್ಲ" ಎಂದು ತಲೆಯಲ್ಲಾಡಿಸುತ್ತಾ ಮನೆಗೆ ಹೊರಟರು.

ಅಧ್ಯಕ್ಷರು ಬಂದರು

ಆ ದಿನ ಬೆಳಿಗ್ಗೆ ನೋಡಿದರೆ ಕುಂಡದಲ್ಲಿ ಉಳಿದದ್ದು ಒಂದು ಬೋಳು ದಂಟು. ಅಳು ಬಂತು. ಕುಂಡವನ್ನು ಮೇಜಿನ ಅಡಿಗೆ ತಳ್ಳಿದೆ.

ಅಧ್ಯಕ್ಷರು ಕೂತವರೇ ಕೇಳಿದರು, "ಸಂಘದ ವಾಟ್ಸಾಪ್ ಗ್ರೂಪಿಗೆ ನೀವ್ ಹಾಕಿದ್ ಫೋಟೋ ಕಂಡಿದ್ದೆ. ಆ ಬಳ್ಳಿ ಎಲ್ಲಿತ್ತ್? ನಾ ಬಂದದ್ದೇ ಅದನ್ನ್ ಕಾಂಬುಕೆ."

ನಾನು ಮೇಜಿನ ಅಡಿಯ ಕುಂಡಕ್ಕೆ ಕಾಲು ಅಡ್ಡ ಇಟ್ಟೆ. ಆದರೆ ಬಿಳಿಚಿಕೊಂಡವರು ಮ್ಯಾನೇಜರು. "ಗೊಬ್ಬರ ಹಾಕುಕೆ ಮನಿಗ್ ತಕಂಡ್ಹೋಯಿದೆ ಸರ್. ಈಗ ತತ್ತೆ" ಎಂದು ಸ್ಕೂಟರ್ ಹತ್ತಿ ಓಡಿದರು. ಅಧ್ಯಕ್ಷರ ಚಹಾ ಮುಗಿಯುವುದರೊಳಗೆ ಒಂದು ಕುಂಡ ಅಪ್ಪಿಕೊಂಡು ಬಂದರು. ಅಬ್ಬಾ, ಎಂಥ ಮನಿಪ್ಲಾಂಟ್! ಎಲೆಯ ಮೇಲೆ ಎಲೆ. ನಾನು ಬಾಯಿ ತೆರೆದು ನಿಂತೆ.

ಅಷ್ಟರಲ್ಲಿ ಮ್ಯಾನೇಜರ ಫೋನು ಬಡಿದುಕೊಂಡಿತು. ಅವರ ಫೋನಿನಲ್ಲಿ ಮಾತಾಡಿದ್ದು ಸ್ಪೀಕರ್ ಒತ್ತದೆಯೂ ಕಚೇರಿಗೆಲ್ಲ ಕೇಳುತ್ತದೆ. ಅವರ ಹೆಂಡತಿ.

"ಹ್ವಾಯ್, ಕೇಂತಾ? ನಾ ಮೀಯುಕ್ ಹೋದಲ್ಲಿಗೆ ಮನಿಪ್ಲಾಂಟ್ ಕುಂಡ ಯಾರೋ ಹೊತ್ಕಂಡ್ ಹೋಯ್ರ್! ನೀವ್ ದಿನಾ ಆಫೀಸಿಂದ ಕಿಸಿಯಗೆ ಹಾಯ್ಕಂಡ್ ಬಂದ್ ಕೊಟ್ಟ್ ಕುಡಿ ಎಲ್ಲ ನೆಟ್ಟ್ ಬೆಳ್ಸಿದ್ ಕುಂಡ! ಹಾಳಾದ್ ಕಳ್ರ್!"

ಮ್ಯಾನೇಜರು ನೆಲ ನೋಡಿದರು. ನಾನು ಮ್ಯಾನೇಜರನ್ನು ನೋಡಿದೆ.

ಅಧ್ಯಕ್ಷರು ಎದ್ದು ಕುಂಡದ ಹತ್ತಿರ ಹೋದರು. "ಹಂಗಾರೆ ಇದ್ ಕದ್ದದ್ದಾ?" ಎಂದರು. ಮುಖ ಅರಳಿತು. "ಅದ್ಕೇ ಇಷ್ಟ್ ಲಾಯ್ಕ್ ಬಂದದ್ದ್! ಇದ್ ಈ ಕಿಟಕಿಗೇ ಇರ್ಲಿ. ಯಾರೂ ತೆಗುಕಾಗ."

ನನಗೆ ಹೋದ ಜೀವ ಬಂತು. ಸಂತೋಷದಲ್ಲಿ ಕತ್ತರಿ ಹಿಡಿದು, "ನಿಮ್ಗೊಂದ್ ಕುಡಿ ಕೊಡ್ಲಾ ಸರ್?" ಎಂದೆ.

ಅಧ್ಯಕ್ಷರು ಹೌಹಾರಿ ಎರಡು ಹೆಜ್ಜೆ ಹಿಂದೆ ಸರಿದರು. "ಬ್ಯಾಡ ಬ್ಯಾಡ, ಕೊಡುಕಾಗ!" ಆಮೇಲೆ ಸುತ್ತ ನೋಡಿ, ದನಿ ತಗ್ಗಿಸಿ ಹೇಳಿದರು:

"ಎಲ್ಲರೂ ಒಂಚೂರ್ ಆಚಿ ಬದಿ ತಿರ್ಗಿ ನಿಲ್ಲಿ ಕಾಂಬ."

ನಾವೆಲ್ಲ ಗೋಡೆಯ ಕಡೆ ತಿರುಗಿ ನಿಂತೆವು. ಬೆನ್ನ ಹಿಂದೆ ಚಟಕ್ಕೆಂದಿತು.